ಚಿತ್ರದ ಬಾವಿ, ಹಿತ್ತಿಲ ಬಾವಿ

ಆ ಚಿತ್ರ ಮಧುಗಿರಿಯ ಟೆಂಟಿಗೆ ಬಂದ ವರ್ಷ ನಾನು ಅಲ್ಲಿ ಮಾಧ್ಯಮಿಕ ಶಾಲೆಯ ಮೇಷ್ಟ್ರಾಗಿದ್ದೆ. ಕಡಲೆಕಾಯಿ ಮಂಡಿ ನಡೆಸುತ್ತಿದ್ದ ಯಜಮಾನರೊಬ್ಬರ ಮನೆಯ ಬೀದಿಬದಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಪಕ್ಕದ ಸಂದಿಯಲ್ಲಿ ಹೋದರೆ ಹಿತ್ತಿಲು, ಹಿತ್ತಿಲಲ್ಲಿ ಸಿಹಿನೀರಿನ ಬಾವಿ, ಬಾವಿಯ ಆಚೆಗೆ ಎರಡು ಅಂಕಣದ ಸಣ್ಣ ಮನೆ. ಆ ಸಣ್ಣ ಮನೆ ಖಾಲಿ ಬಿದ್ದಿತ್ತು.

ನನ್ನ ಶಾಲೆಯಲ್ಲೇ ಪಾಠ ಹೇಳುತ್ತಿದ್ದ ಗೆಳೆಯನಿಗೆ ಊರಿನಲ್ಲಿ ಒಂದು ಮನೆ ಬೇಕಾಗಿತ್ತು. ಅವನು ಚನ್ನರಾಯನದುರ್ಗದ ಕಡೆಯ ಹಳ್ಳಿಯವನು, ಊರಾಚೆಯ ಕೇರಿಯವನು. ದಿನಾ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದ. ಅದು ಅವನಿಗೆ ಕಷ್ಟವೆನಿಸಿರಲಿಲ್ಲ. ಆದರೆ ಹೆಂಡತಿ ಬಸುರಿ. ಮೊದಲನೆಯ ಹೆರಿಗೆಯಲ್ಲಿ ನೋವು ಕಾಣಿಸಿಕೊಂಡ ಮೇಲೆ ಗಾಡಿ ಹೂಡಿ, ಮಧುಗಿರಿಯ ಆಸ್ಪತ್ರೆಗೆ ಬರುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ಈ ಸಲ ದಿನ ತುಂಬುವ ಮೊದಲೇ ಅವಳನ್ನು ಆಸ್ಪತ್ರೆಯ ಹತ್ತಿರ ತಂದಿರಿಸಿಕೊಳ್ಳಬೇಕೆಂದು ಅವನ ಹಟ. ಕೇಳಿದ ಮನೆಗಳೆಲ್ಲ ಅವನ ಹೆಸರು, ಊರು ಕೇಳುವವರೆಗೆ ಖಾಲಿ ಇರುತ್ತಿದ್ದವು.

ಚಿತ್ರದ ಕಥೆ ದೊಡ್ಡದೇನಲ್ಲ. ಗೌಡನ ಮಗ, ತೋಟಿಯ ಮಗ, ಇಬ್ಬರೂ ಚಿಕ್ಕಂದಿನ ಗೆಳೆಯರು. ದೊಡ್ಡವರು ಅಗಲಿಸುತ್ತಾರೆ. ಕೊನೆಗೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ತೋಟಿಯ ಮಗ ಒಳನುಗ್ಗಿ ಗೌಡನ ಮಗನನ್ನು ಹೊತ್ತು ತರುತ್ತಾನೆ. ಗೌಡ ಅಳುತ್ತ ಅವನನ್ನು ಊರಬಾವಿಗೆ ಕರೆದುಕೊಂಡು ಹೋಗಿ, ಅವನ ಕೈಯಿಂದಲೇ ನೀರು ಸೇದಿಸಿ, ಬೊಗಸೆಯೊಡ್ಡಿ ಕುಡಿಯುತ್ತಾನೆ. ಊರೆಲ್ಲ ಹಾಡುತ್ತದೆ. ನಾನೂ ಗೆಳೆಯನೂ ಬೆಂಚಿನಲ್ಲಿದ್ದೆವು. ಮುಂದಿನ ಕುರ್ಚಿಯಲ್ಲಿ ನಮ್ಮ ಯಜಮಾನರು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡದ್ದನ್ನು ಇಬ್ಬರೂ ನೋಡಿದೆವು.

ಮಾರನೆಯ ದಿನದಿಂದ ಊರಿನಲ್ಲಿ ಅದೇ ಮಾತು. ಮನುಷ್ಯರು ಹೀಗಿರಬೇಕು ಎಂದವರಿದ್ದರು. ದುಡ್ಡು ಕೊಟ್ಟು ಬೈಸಿಕೊಂಡು ಬಂದ ಹಾಗಾಯಿತು ಎಂದವರಿದ್ದರು. ಹೋಟೆಲಿನಲ್ಲಿ ಇದರ ಮೇಲೆ ಜಗಳವೇ ಆಯಿತು. ಚಿತ್ರವನ್ನು ಹೊಗಳಿದವರೂ ತೆಗಳಿದವರೂ ಒಳಗೆ ಕೂತಿದ್ದರು. ಹೊರಗೆ ಗೋಡೆಯ ಗೂಡಿನಲ್ಲಿ ತಮಗಾಗಿ ಇಟ್ಟ ಲೋಟ ತೊಳೆದುಕೊಂಡು ಕಾಫಿ ಕುಡಿಯುತ್ತಿದ್ದವರನ್ನು ಯಾರೂ ಏನೂ ಕೇಳಲಿಲ್ಲ.

ಗೆಳೆಯ ಅದನ್ನು ಮತ್ತೆ ನೋಡಿದ. ಸಂತೆಗೆ ಬಂದ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಹೋದ. ಮುದುಕ ನೆಲದ ಮರಳಿನಲ್ಲಿ ಕೂತು ಪೂರ್ತಿ ನೋಡಿ ಹೊರಗೆ ಬಂದ. ಹೆಂಗಿತ್ತಪ್ಪ ಎಂದು ಮಗ ಕೇಳಿದಾಗ ಬೀಡಿ ಹಚ್ಚಿಕೊಂಡ.

"ಬೆಂಕಿಗೆ ಬಿದ್ದಿದ್ಕೆ ನೀರು ಕೊಟ್ರು ಕಣ್ಲಾ ಮಗ," ಎಂದ. "ಬೀಳ್ದೋರಿಗೆ ಕೊಡ್ತಾರಾ, ಅದ ತೋರಿಸ್ಲಿಲ್ಲ."

"ನಿಂಗೆ ಯಾವ್ದೂ ಸರಿ ಕಾಣಾಕಿಲ್ಲ ಬುಡಪ್ಪ," ಎಂದ ಗೆಳೆಯ. ಮುದುಕ ನನ್ನ ಕಡೆ ತಿರುಗಿ, "ಕುಣಿತ ಚೆನ್ನಾಗಿತ್ತು ಬುದ್ಧಿ," ಎಂದು ನಕ್ಕ.

ಮಂಡಿಯಲ್ಲಿ ಯಜಮಾನರು ಚಿತ್ರದ ಪರ ದೊಡ್ಡ ದನಿಯಲ್ಲಿ ವಾದಿಸುತ್ತಿದ್ದರು. ನಾನೂ ಗೆಳೆಯನೂ ಶಾಲೆ ಬಿಟ್ಟು ಆ ದಾರಿಯಲ್ಲಿ ಬಂದಾಗ, ಜಾತಿಗೀತಿಯೆಲ್ಲ ನಾವು ಮಾಡಿಕೊಂಡದ್ದೆಂದು ಮೂಟೆಗಳ ಮೇಲೆ ಕೂತಿದ್ದ ವ್ಯಾಪಾರಸ್ಥರಿಗೆ ಹೇಳುತ್ತಿದ್ದರು. ಗೆಳೆಯ ನಿಂತ. ಮುಂದೆ ಏನಾಗುವುದೆಂದು ನನಗೆ ಹೊಳೆಯುವ ಮೊದಲೇ, ಹಿತ್ತಿಲ ಮನೆಯನ್ನು ತನಗೆ ಬಾಡಿಗೆಗೆ ಕೊಡುವಿರಾ ಎಂದು ಕೇಳಿಬಿಟ್ಟ. ತನ್ನ ಕೇರಿ ಯಾವುದೆಂದೂ ತಾನಾಗಿಯೇ ಹೇಳಿದ.

ಯಜಮಾನರು ಕೂತವರ ಮುಖ ನೋಡಿದರು. ಆಮೇಲೆ ಎಲೆಅಡಿಕೆಯ ತಟ್ಟೆ ಎಳೆದುಕೊಂಡು ಗೆಳೆಯನ ಕೈಗೆ ಎರಡೆಲೆ, ಒಂದಡಿಕೆ ಇಟ್ಟರು. ನಮ್ಮ ಕಡೆ ಎಲೆಅಡಿಕೆ ಕೊಟ್ಟ ಮೇಲೆ ಮಾತು ತಿರುಗಿಸುವ ಹಾಗಿಲ್ಲ. ಅವರು ತಿರುಗಿಸಲೂ ಇಲ್ಲ. ಕೊನೆಯವರೆಗೂ ತಿರುಗಿಸಲಿಲ್ಲ.

ಶುಕ್ರವಾರ ಗಂಡಹೆಂಡತಿ ಬಂದು ಒಲೆ ಹಚ್ಚಿ ಹಾಲು ಉಕ್ಕಿಸಿದರು. ಗೆಳೆಯನ ಹೆಂಡತಿ, ಇನ್ನೂ ಹುಡುಗಿ, ನನಗೂ ಒಂದು ಲೋಟ ತಂದುಕೊಟ್ಟಳು. ಮೊದಲ ಕೊಡ ನೀರನ್ನು ಸೇದಿದ್ದು ಅವಳೇ. ಹಗ್ಗ ಅವರವರದು, ರಾಟೆ ಮಾತ್ರ ಎಲ್ಲರಿಗೂ ಒಂದೇ.

ಮಾರನೆಯ ಬೆಳಿಗ್ಗೆ ಬಾವಿಯ ಮೇಲೆ ರಾಟೆ ಇರಲಿಲ್ಲ. ಅಚ್ಚು ಸವೆದಿದೆ, ಕಮ್ಮಾರನಿಗೆ ಕೊಟ್ಟಿದ್ದೇವೆ ಎಂದರು ಯಜಮಾನರು. ಗೆಳೆಯ ಕಲ್ಲಿನ ಅಂಚಿಗೆ ಹಗ್ಗ ಉಜ್ಜಿ ಸೇದಿದ. ನಾನೂ ಹಾಗೇ ಸೇದಿದೆ. ಯಜಮಾನರ ಮನೆಯವರು ಮಾತ್ರ ಬಾವಿಕಟ್ಟೆಯ ಹತ್ತಿರ ಸುಳಿಯಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಯಜಮಾನರ ತಾಯಿ ಹಿತ್ತಾಳೆಯ ಬಿಂದಿಗೆಯನ್ನು ಸೊಂಟದಲ್ಲಿಟ್ಟುಕೊಂಡು ಬೀದಿಯ ಕೊನೆಯ ಬಾವಿಯಿಂದ ಬರುತ್ತಿದ್ದುದನ್ನು ಕಂಡಾಗ. ಬಾಗಿದ ಬೆನ್ನಿನ ಅಜ್ಜಿ. ಅಡಿಗೆಮನೆಯ ಬಾಗಿಲು ಹಿಂದಕ್ಕಿದ್ದುದರಿಂದ ಸಂದಿಯಲ್ಲಿ ಹಾದು, ತಮ್ಮದೇ ಬಾವಿಯನ್ನು ಸುತ್ತಿಕೊಂಡು, ಗೆಳೆಯನ ಬಾಗಿಲ ಮುಂದೆ ದಾಟಿ ಒಳಗೆ ಹೋಗಬೇಕಿತ್ತು. ಸೊಸೆ ತರುತ್ತೇನೆಂದರೂ ಕೊಡುತ್ತಿರಲಿಲ್ಲ. ದೇವರ ನೀರು, ಅಡಿಗೆಯ ನೀರು ತಾನೇ ತರಬೇಕೆಂದು ಅವರ ನೇಮ.

ಒಂದು ಬೆಳಿಗ್ಗೆ ಅಜ್ಜಿ ದಮ್ಮು ಹತ್ತಿ ಗೋಡೆಗೆ ಒರಗಿದರು. ಹೊಸಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹುಡುಗಿ ತಟಕ್ಕನೆ ಎದ್ದು, "ಕೊಡ್ರಜ್ಜಿ," ಎಂದು ಕೈ ಚಾಚಿದಳು. ಬಿಂದಿಗೆಗೆ ಇನ್ನೇನು ತಗುಲುವಷ್ಟರಲ್ಲಿ ಅವಳ ಕೈ ತಾನಾಗಿಯೇ ನಿಂತಿತು. ಅದು ಹಿಂದಕ್ಕೂ ಬರಲಿಲ್ಲ.

ಅಜ್ಜಿ ಸಿಡುಕಲಿಲ್ಲ. "ಬ್ಯಾಡ ಕಣವ್ವ," ಎಂದರು. "ಬಸ್ರಿ ನೀನು. ಭಾರ ಎತ್ತಬಾರ್ದು."

ಆ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಸಂದಿಯಲ್ಲೇ ನಿಂತು ಕೇಳಿದ್ದೇನೆ.

ಅವತ್ತು ಸಂಜೆ ಯಜಮಾನರ ಹತ್ತಿರ ಹೋದೆ. ಅವರಿಗೂ ನಿದ್ದೆಯಿಲ್ಲದ ಮುಖ.

"ನಾನ್ ಅವರ್ನ ಹೋಗಿ ಅಂದಿದ್ದೀನಾ ಮೇಷ್ಟ್ರೇ?" ಎಂದರು. "ನೀರ್ ಸೇದ್ಬ್ಯಾಡಿ ಅಂದಿದ್ದೀನಾ? ಅವ್ವನ ಕೈಯಿಂದ ಬಿಂದಿಗೆ ಕಿತ್ಕಂಡು, ಈ ಬಾವೀದೇ ಕುಡಿ ಅನ್ಲಾ? ನಿಮ್ಮವ್ವಂಗೆ ನೀವ್ ಅಂತಿದ್ರಾ?"

ಅವರ ಹೆಂಡತಿ ಪಾವಗಡದ ಕಡೆಯವರು, ಕೋಪಕ್ಕೂ ಬೇಸರಕ್ಕೂ ತೆಲುಗು ಬರುತ್ತಿತ್ತು. ಬಾಗಿಲ ಮರೆಯಿಂದ, "ಏಂ ಚೇಸೇದಪ್ಪಾ, ಏನ್ ಮಾಡೋದು," ಎಂದರು. "ಸಿನಿಮಾದ ಬಾವಿ ನೀರು ತಂದು ಯಾರೂ ಅನ್ನ ಮಾಡಾಕಿಲ್ಲ."

ಗೆಳೆಯನಿಗೆ ಬೇರೆ ಎಲ್ಲಿಂದಾದರೂ ನೀರು ತರಿಸಿಕೋ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬೀದಿಯ ಬಾವಿಗೆ ಅವನನ್ನು ಬಿಡುತ್ತಿರಲಿಲ್ಲ ಎನ್ನುವುದೂ ನಿಜ. ಅವನು ಜಗಳಕ್ಕೆ ಸಿದ್ಧನಾಗಿ ಬಂದಿದ್ದವನು. ಬಾಗಿಲಲ್ಲಿ ನಿಂತು ಯಾರಾದರೂ ಬೈದಿದ್ದರೆ ನಿಭಾಯಿಸುತ್ತಿದ್ದ. ಇಲ್ಲಿ ಬೈಯುವವರೇ ಇರಲಿಲ್ಲ. ಬೆಳಗಾದರೆ ಒಬ್ಬ ಮುದುಕಿ ನೀರು ಹೊತ್ತು ಅವನ ಮುಂದೆ ಹಾದು ಹೋಗುತ್ತಿದ್ದಳು, ಅಷ್ಟೆ.

ಒಂದು ದಿನ ಅಜ್ಜಿ ಬೀದಿಯ ಬಾವಿಕಟ್ಟೆಯಲ್ಲಿ ಜಾರಿ ಬಿದ್ದರು. ಮೊಣಕೈ ತರಚಿತು, ಮೂಳೆ ಮುರಿಯಲಿಲ್ಲ. ಎತ್ತಿಕೊಂಡು ಬಂದವರು ಯಜಮಾನರನ್ನು ಏನೂ ಅನ್ನಲಿಲ್ಲ. ಸಂದಿಯ ಕಡೆ ನೋಡಿದರು. ಗೆಳೆಯ ಅಲ್ಲೇ ನಿಂತಿದ್ದ.

ಗೆಳೆಯ ಊರಿಗೆ ಹೇಳಿಕಳಿಸಿದ. ಮಧ್ಯಾಹ್ನ ಅವನ ಅಪ್ಪ ಗಾಡಿ ತಂದ. ಸಾಮಾನು ಹೆಚ್ಚಿರಲಿಲ್ಲ. ಇನ್ನು ಸ್ವಲ್ಪ ದಿನ ತಡೆದುಕೊಳ್ಳಿ, ಹೆರಿಗೆಯಾಗಲಿ ಎಂದು ನಾನು ಹೇಳಿದೆ. "ಆಯಮ್ಮ ಸತ್ರೆ ನನ್ ತಲೆಮ್ಯಾಕೆ ಬತ್ತದಲ್ಲೋ," ಎಂದ ಗೆಳೆಯ. ಅಪ್ಪ ಸೊಸೆಗೆಂದು ಗಾಡಿಯಲ್ಲಿ ಹುಲ್ಲು ದಪ್ಪಗೆ ಹಾಸಿದ. ಯಜಮಾನರು ಓಡಿ ಬಂದು, ನಾನೇನೂ ಹೋಗಿ ಅನ್ನಲಿಲ್ಲವಲ್ಲ ಎಂದು ಮತ್ತೆ ಮತ್ತೆ ಕೇಳಿದರು. ಇಲ್ಲ, ನೀವು ಅನ್ನಲಿಲ್ಲ ಎಂದು ಗೆಳೆಯ ಒಪ್ಪಿಕೊಂಡ.

ಆ ವಾರವೇ ಬಾವಿ ಬತ್ತಿಸಿ, ಕೆಸರು ತೆಗೆಸಿ, ಪುಣ್ಯಾಹ ಮಾಡಿಸಿದರು. ಬೇಸಗೆ. ಸೇದಿ ಸೇದಿ ಚೆಲ್ಲಿದ ಸಿಹಿನೀರು ಸಂದಿಯಲ್ಲಿ ಹರಿದು ಬೀದಿಗಿಳಿಯಿತು. ನೀರೂರಿದ ಮೇಲೆ ರಾಟೆ ಬಂತು. ಹೋಟೆಲಿನಲ್ಲಿ ಚಿತ್ರದ ವಾದಕ್ಕೆ ಈಗ ಇದೇ ಆಧಾರವಾಯಿತು. ನೋಡಿದಿರಾ, ಚಿತ್ರ ಸುಳ್ಳು ಎಂದರು ತೆಗಳುವವರು. ಮನೆ ಕೊಟ್ಟದ್ದಂತೂ ನಿಜ ತಾನೆ, ಚಿತ್ರ ನೋಡಿದ ಮೇಲೇ ಅಲ್ಲವೆ ಎಂದರು ಹೊಗಳುವವರು.

ಗೆಳೆಯನ ಹೆಂಡತಿಗೆ ನೋವು ಬಂದಾಗ ಗಾಡಿ ಹೂಡಿದರು. ಕೂಸು ದಾರಿಯಲ್ಲೇ ಹುಟ್ಟಿತು. ಹೆಣ್ಣು. ಅದು ಅಳಲಿಲ್ಲ.

ಮುಂದಿನ ತಿಂಗಳು ಆ ಟೆಂಟು ಶಿರಾದಲ್ಲಿತ್ತು. ವ್ಯಾಪಾರಕ್ಕೆ ಅಲ್ಲಿಗೆ ಹೊರಟ ಯಜಮಾನರು ನನ್ನನ್ನೂ ಬಲವಂತವಾಗಿ ಜೊತೆಗೆ ಕರೆದುಕೊಂಡರು. ಕೆಲಸ ಮುಗಿದ ಮೇಲೆ, ರಾತ್ರಿಯ ಬಸ್ಸಿಗೆ ಹೊತ್ತಿದೆ ಎಂದು ಅದೇ ಚಿತ್ರದ ಸಂಜೆಯ ಆಟಕ್ಕೆ ಕೂರಿಸಿದರು. ನಾನು ತೆರೆಯನ್ನು ನೋಡಲಿಲ್ಲ. ಬೊಗಸೆಯೊಡ್ಡುವ ಜಾಗ ಬಂದಾಗ ಪಕ್ಕದಲ್ಲಿ ಅವರು ಬಿಕ್ಕುವುದು ಕೇಳಿಸಿತು. ಹಿಂದೆ ಯಾರೋ, ಎಲ್ಲಾದರೂ ಉಂಟೆ ಎಂದು ನಕ್ಕರು. ಯಜಮಾನರು ತಿರುಗಿ ಅವರಿಗೆ ಗದರಿದರು.

ಹೊರಗೆ ಬಂದ ಮೇಲೆ, ಮುಖ ಒರೆಸಿಕೊಳ್ಳುತ್ತ, "ಹೆರಿಗೆ ಆಯ್ತಂತಾ ಮೇಷ್ಟ್ರೇ?" ಎಂದರು.

ಆದದ್ದನ್ನು ಹೇಳಿದೆ. ಅವರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. "ಅವ್ವಂಗೆ ಹೇಳ್ಬ್ಯಾಡಿ," ಎಂದರು. "ಬಾಣಂತಿಗೆ ಕಳಿಸ್ಬೇಕು ಅಂತ ಕೊಬ್ರಿ ಬೆಲ್ಲ ಕುಟ್ಟಿ ಉಂಡೆ ಕಟ್ಟಿ ಮಡಗವ್ಳೆ."

ಮಾರನೆಯ ಬೆಳಿಗ್ಗೆ ಹಲ್ಲುಜ್ಜಲು ಹಿತ್ತಿಲಿಗೆ ಹೋದೆ. ಅಜ್ಜಿ ಬಾವಿಕಟ್ಟೆಯ ಮೇಲಿದ್ದರು. ಹಗ್ಗಕ್ಕೆ ಬಿಂದಿಗೆ ಕಟ್ಟುತ್ತ, "ಆ ಹುಡ್ಗೀಗೆ ಕೂಸು ಯಾವ್ದಂತೆ ಮೇಷ್ಟ್ರೇ?" ಎಂದು ಕೇಳಿದರು.

ಹೆಣ್ಣು ಎಂದೆ.

"ಲಕ್ಷ್ಮಿ ಬುಡು," ಎಂದು ಬಿಂದಿಗೆಯನ್ನು ಕೆಳಗೆ ಬಿಟ್ಟರು. ರಾಟೆಗೆ ಹೊಸದಾಗಿ ಎಣ್ಣೆ ಹಾಕಿದ್ದರು. ಸದ್ದಿಲ್ಲದೆ ತಿರುಗಿತು.