ಕಣ್ಣೊಳಗೆ ಬೆಂದ ಮೊಟ್ಟೆ

ಮೊದಲು ಬೈದದ್ದು ಕರೆಂಟಿನವರನ್ನು. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಕೂತು ಕೆಂಪಡಿಕೆ ಬೇರೆ, ಕರಿಯಡಿಕೆ ಬೇರೆ ಎಂದು ಆರಿಸುವುದು ನನ್ನ ಕೆಲಸ. ಎಲ್ಲವೂ ಬೂದಿ ಬಳಿದಂತೆ ಕಾಣತೊಡಗಿದವು. ವೋಲ್ಟೇಜ್ ಕಮ್ಮಿ ಎಂದೆ. ಆಮೇಲೊಂದು ಬೆಳಿಗ್ಗೆ ಬಾಗಿಲಿಗೆ ಬಂದ ಬೀಗರನ್ನು ಹಾಲಿನವನೆಂದು ತಿಳಿದು, "ಇವತ್ತು ಅರ್ಧ ಲೀಟರ್ ಸಾಕಪ್ಪ" ಅಂದೆ.

ಕಣ್ಣು ಹೋಗುತ್ತಿತ್ತು.

ಅಡಿಕೆ ಆರಿಸುವವನಿಗೆ ಕಣ್ಣು ಹೋದರೆ ಉಳಿಯುವುದೇನು? ಚಿಂತೆಯಲ್ಲಿ ನನ್ನದು ಪಳಗಿದ ಕೈ. ದಾವಣಗೆರೆ ಬಸ್ಸು ಸಂತೇಬೆನ್ನೂರು ದಾಟುವಷ್ಟರಲ್ಲಿ ನನ್ನ ಕೈಗೆ ನಾನೇ ಕೋಲು ಕೊಟ್ಟಾಗಿತ್ತು.

ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಕ್ಯಾಟರಾಕ್ಟ್. ಪೊರೆ" ಎಂದರು. ಕಣ್ಣಿನ ಲೆನ್ಸಿನಲ್ಲಿರುವ ಪ್ರೋಟೀನು ತಿಳಿನೀರಿನಂತಿರುತ್ತದಂತೆ. ಅದು ಮಡಿಚಿಕೊಂಡಿರುವ ರೀತಿ ಕೆಟ್ಟರೆ ಒಂದಕ್ಕೊಂದು ಅಂಟಿಕೊಂಡು ಗಂಟಾಗಿ, ಬೆಳಕಿಗೇ ಅಡ್ಡ ನಿಲ್ಲುತ್ತದಂತೆ.

"ಮೊಟ್ಟೆ ಬೇಯಿಸಿದ್ರೆ ಬೆಳ್ಳಗೆ ಗಟ್ಟಿ ಆಗ್ತೈತಲ್ಲ, ಹಂಗೆ. ಮತ್ತೆ ತಿಳಿ ಆಗಲ್ಲ. ತೆಗೀಬೇಕು."

ಜೊತೆಗೆ ಬಂದಿದ್ದ ಹೆಂಡತಿ ಗೌರಮ್ಮನ ಕಿವಿಗೆ ಬಿದ್ದದ್ದು ಮೊಟ್ಟೆ ಮಾತ್ರ. ನಮ್ಮದು ಲಿಂಗ ಕಟ್ಟಿದ ಮನೆ.

"ಯಾವ ಹೋಟ್ಲಾಗೆ ತಿಂದ್ರಿ? ನಿಜ ಹೇಳ್ರಿ."

"ಹೋಲಿಸಿ ಹೇಳಿದ್ದು ಕಣೇ!"

"ತಿನ್ನದೆ ಕಣ್ಣಾಗೆ ಹೆಂಗೆ ಬಂತು?"

ಡಾಕ್ಟರು ನಕ್ಕು, "ಹಾಲು ಒಡೆದಂಗೆ ಅಂದ್ಕೊಳ್ರಮ್ಮ" ಎಂದು ತಿದ್ದಿದರು. ಗೌರಮ್ಮನ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಅನುಮಾನ ಚೆನ್ನಾಗಿ ಕಂಡಿತು.

ಒಂದು ಕಣ್ಣಿನ ಆಪರೇಷನ್ ಆಯಿತು. ಕಣ್ಣು ಅಲುಗಬಾರದೆಂದು ಎರಡಕ್ಕೂ ಪಟ್ಟಿ. ತಲೆಯ ಎರಡೂ ಬದಿಗೆ ಮರಳಿನ ಚೀಲ. ಕೆಮ್ಮಬೇಡಿ, ಸೀನಬೇಡಿ, ನಗಬೇಡಿ ಎಂದರು ಸಿಸ್ಟರ್. ಸೀನಿದರೆ ಹೊಲಿಗೆ ಬಿಚ್ಚುತ್ತದೆಂದು ಹೆದರಿದ್ದೇ ತಡ, ಮೂಗು ತುರಿಸತೊಡಗಿತು. ಆಗಲೇ ಗೌರಮ್ಮ ಪಕ್ಕದಲ್ಲಿ ಕೂತು ಪಿಸುಗುಟ್ಟಿದಳು: "ಈಗಾದ್ರೂ ಹೇಳ್ರಿ, ಆಮ್ಲೆಟ್ಟಾ, ಬೇಯಿಸಿದ್ದಾ?"

ನಗು ತಡೆದದ್ದೇ ನನ್ನ ಜನ್ಮದ ದೊಡ್ಡ ತಪಸ್ಸು.

ಪಟ್ಟಿ ಬಿಚ್ಚಿ, ಸೋಡಾ ಬಾಟ್ಲಿಯ ತಳದಂಥ ಕನ್ನಡಕ ಕೊಟ್ಟರು. ಕಾಫಿ ಲೋಟ ಬಿಂದಿಗೆಯಷ್ಟು ದೊಡ್ಡದಾಗಿ ಕಂಡಿತು. ಹಿಡಿಯಲು ಹೋದೆ, ಕೈಗೆ ಗಾಳಿ ಸಿಕ್ಕಿತು. ಗೌರಮ್ಮ ಸೆರಗಿನ ಗಂಟು ಬಿಚ್ಚಿ ಹಾಸಿಗೆ ಮೇಲೆ ಒಂದು ಹಿಡಿ ಅಡಿಕೆ ಸುರಿದಳು. ಊರಿನಿಂದಲೇ ಕಟ್ಟಿಕೊಂಡು ಬಂದಿದ್ದಳು.

"ಆರಿಸ್ರಿ."

ಒಂದೊಂದೇ ತಡಕಿ ಎತ್ತಿದೆ. ಕೆಂಪು ಈಚೆ. ಕರಿ ಆಚೆ. ಒಂದೂ ತಪ್ಪಲಿಲ್ಲ. ತಲೆಯೆತ್ತಿದರೆ ಆಕೆಯ ಕಣ್ಣು ತುಂಬಿತ್ತು. ಅದೂ ಸ್ಪಷ್ಟವಾಗಿಯೇ ಕಂಡಿತು.

ಇನ್ನೊಂದು ಕಣ್ಣಲ್ಲೂ ಪೊರೆ ಇದೆಯಂತೆ. ಮಾಗಲಿ, ಆಮೇಲೆ ತೆಗೆಯೋಣ ಎಂದಿದ್ದಾರೆ. ನಾನು ಈಗಲೇ ಚಿಂತೆ ಹಚ್ಚಿಕೊಂಡಿದ್ದೇನೆ.

"ಬೇಯಲಿ ಬಿಡ್ರಿ," ಎನ್ನುತ್ತಾಳೆ ಗೌರಮ್ಮ. "ಈ ಸಲ ನಾನೇನೂ ಕೇಳಾಕೆ ಹೋಗಲ್ಲ."