ಮೂವತ್ತೆಂಟನೆಯ ವಿಮಾನ ಮತ್ತು ನಮ್ಮ ಮೇಸ್ತ್ರಿಗಳು

ಹಾರುವ ವಿಮಾನಗಳನ್ನು ಕುರಿತು ಬರೆದವರು ಬಹಳ ಮಂದಿ. ಇಳಿದ ಮೇಲೆ ಅವುಗಳ ಗತಿಯೇನು ಎಂದು ವಿಚಾರಿಸಿದವರು ಕಡಿಮೆ. ಅದರಲ್ಲೂ ಸೇನೆಯ ಜೆಟ್ ಬಾಂಬರುಗಳು ಸೇವೆ ಮುಗಿಸಿ ಬಂದು ನಿಲ್ಲುವ ನಮ್ಮ ಬಯಲಿನಲ್ಲಿ ಮೂವತ್ತಾರು ವರ್ಷ ದುಡಿದು, ನಾನೂರಕ್ಕೂ ಮಿಕ್ಕಿದ ವಿಮಾನಗಳನ್ನು ಬರಮಾಡಿಕೊಂಡು, ಅವುಗಳಲ್ಲಿ ಬಹುಪಾಲನ್ನು ಒಂದೊಂದಾಗಿ ತಮ್ಮ ಕೈಯಾರೆ ಬೀಳ್ಕೊಟ್ಟ ಮೇಸ್ತ್ರಿಗಳಂಥವರು ಈ ವೃತ್ತಿಯಲ್ಲಿ ಇನ್ನೊಬ್ಬರಿಲ್ಲವೆಂದರೆ ಅದು ಉಪಚಾರದ ಮಾತಲ್ಲ. ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನ ಗ್ರಂಥದ ಸಂಪಾದಕರು ನನಗೂ ನಾಲ್ಕು ಪುಟಗಳನ್ನು ಮೀಸಲಿಟ್ಟು, ಸಿಹಿಯಾದ ನೆನಪುಗಳನ್ನೇ ಬರೆಯಬೇಕೆಂದು ಸೂಚಿಸಿದ್ದಾರೆ. ಆ ಸೂಚನೆಯನ್ನು ಪಾಲಿಸಲು ನನ್ನಿಂದಾಗದು.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಮೇಸ್ತ್ರಿಗಳ ಸೇವಾ ಪುಸ್ತಕದಲ್ಲಿ ಒಂದು ಸಾಲಿದೆ: ‘ಕರ್ತವ್ಯದಲ್ಲಿ ನಿರ್ಲಕ್ಷ್ಯ; ಬಡ್ತಿಗೆ ಪರಿಗಣಿಸತಕ್ಕದ್ದಲ್ಲ.’ ಆ ಸಾಲು ನನ್ನ ಪುಸ್ತಕದಲ್ಲಿ ಇರಬೇಕಾಗಿತ್ತು. ಇಪ್ಪತ್ತೊಂದು ವರ್ಷಗಳಿಂದ ಅದು ಅವರ ಹೆಸರಿನ ಕೆಳಗೆ ಕೂತಿದೆ. ಅವರಿಗೆ ಸಲ್ಲಬೇಕಿದ್ದ ಮೇಲ್ವಿಚಾರಕರ ಕುರ್ಚಿಯಲ್ಲಿ ಆರು ವರ್ಷಗಳಿಂದ ನಾನು ಕೂತಿದ್ದೇನೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮಲ್ಲಿ ಮಾಡಿದವನು ನಾನು, ಉಂಡವರು ಅವರು.

ಬಯಲನ್ನು ಕಾಣದವರಿಗಾಗಿ ಎರಡು ಮಾತು. ಮಳೆ ಅಪರೂಪವಾದ ನೆಲ, ತುಕ್ಕು ಹಿಡಿಯದ ಒಣ ಗಾಳಿ, ಕಣ್ಣು ಹಾಯುವವರೆಗೆ ಸಾಲುಸಾಲಾಗಿ ನಿಂತ ವಿಮಾನಗಳು. ಬಾಂಬರ್ ಬಂದಿಳಿದ ಕೂಡಲೇ ಅದರ ಎಣ್ಣೆಯನ್ನೆಲ್ಲ ಬಸಿದು, ಕಿಟಕಿಗಳಿಗೂ ಬಿರುಕುಗಳಿಗೂ ಬಿಳಿಯ ದಪ್ಪ ಬಣ್ಣ ಬಳಿದು, ಎಂಜಿನ್ನುಗಳ ಬಾಯಿ ಕಟ್ಟಿ ನಿಲ್ಲಿಸುತ್ತೇವೆ. ಆಮೇಲೆ ಹಾರುತ್ತಿರುವ ಅದರ ಅಣ್ಣತಮ್ಮಂದಿರಿಗೆ ಬೇಕಾದಂತೆಲ್ಲ ಬಿಚ್ಚಿ ಕೊಡುತ್ತೇವೆ. ಇವತ್ತು ಚಕ್ರ, ನಾಳೆ ಬಾಲ, ನಾಡಿದ್ದು ಪೈಲಟ್ಟಿನ ಕುರ್ಚಿ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಈ ಆನೆಗಳಿಗೆ ಒಪ್ಪುವುದಿಲ್ಲ. ಒಂದು ಪಟ್ಟಣವನ್ನೇ ಸುಡುವಷ್ಟು ಬಾಂಬು ಹೊತ್ತು ತಿರುಗಿದ್ದು ಕಡೆಗೆ ಕರಗಿ ಅಡುಗೆಮನೆಯ ಪಾತ್ರೆಯಾಗುತ್ತದೆ. ಅದೇನೂ ಕೆಟ್ಟ ಗತಿಯಲ್ಲ ಎನ್ನುತ್ತಿದ್ದರು ಮೇಸ್ತ್ರಿಗಳು.

ಕತ್ತರಿಸುವುದಕ್ಕೂ ಒಂದು ಶಾಸ್ತ್ರವಿತ್ತು. ಕ್ರೇನಿನಿಂದ ಏಳು ಟನ್ನಿನ ಉಕ್ಕಿನ ಅಲಗನ್ನು ಎತ್ತಿ ಬಿಡಬೇಕು. ರೆಕ್ಕೆಗಳಿಗೆ ಎರಡು ಏಟು, ಮೈಗೆ ಮೂರು. ಎರಡು ರಾಷ್ಟ್ರಗಳ ನಡುವಿನ ಒಪ್ಪಂದದಂತೆ ಆ ತುಂಡುಗಳನ್ನು ಬಿದ್ದಲ್ಲೇ ಮೂರು ತಿಂಗಳು ಬಿಡಬೇಕು. ಆಚೆ ಕಡೆಯವರು ಆಕಾಶದಿಂದ ಚಿತ್ರ ತೆಗೆದು, ಹೌದು, ಇದು ಇನ್ನು ಹಾರುವುದಿಲ್ಲ ಎಂದು ಖಾತರಿ ಮಾಡಿಕೊಳ್ಳಬೇಕಲ್ಲ. ಆದ್ದರಿಂದ ನಮ್ಮ ಕಸುಬಿನಲ್ಲಿ ತಪ್ಪಾದರೆ ಅದನ್ನು ಗುಡಿಸಿ ಮುಚ್ಚುವಂತಿಲ್ಲ. ತೊಂಬತ್ತು ದಿನ ಅದು ಬಿಸಿಲಲ್ಲಿ ಬಿದ್ದಿರುತ್ತದೆ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಮೇಸ್ತ್ರಿಗಳು ಕಲಿಸಿದ ಪಾಠವೊಂದೇ: ಬಾಲದ ಮೇಲಿನ ಸಂಖ್ಯೆಯನ್ನು ನಂಬಬಾರದು. ಬಾಲ ಇವತ್ತು ಇದರದ್ದು, ನಾಳೆ ಇನ್ನೊಂದರದ್ದು. ಹಾರುವಾಗ ಮುಂದಿನ ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ, ಬಗ್ಗಿ ನುಗ್ಗಿದರೆ ಮಾತ್ರ ಕಾಣುವಂತೆ, ಅಂಗೈಯಗಲದ ತಗಡೊಂದಿರುತ್ತದೆ. ವಿಮಾನದ ನಿಜವಾದ ಸಂಖ್ಯೆ ಅದರ ಮೇಲಿರುವುದು. ಕತ್ತರಿಸಬೇಕಾದ ವಿಮಾನಕ್ಕೆ ಕೆಂಪು ಗುರುತು ಹಾಕುವವನು ಒಮ್ಮೆ ನುಗ್ಗಿ ಓದಬೇಕು. ಸಹಿ ಮಾಡುವ ಮೊದಲು ಮೇಸ್ತ್ರಿಗಳು ತಾವೂ ಒಮ್ಮೆ ನುಗ್ಗುತ್ತಿದ್ದರು. ಈ ತಗಡಿನ ಜಪ ಕೇಳಿ ಕೇಳಿ ಸಾಕಾದ ನಾವು ಬೆನ್ನ ಹಿಂದೆ ಅವರನ್ನು ತಗಡಪ್ಪ ಎಂದು ಕರೆಯುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು. ಒಂದು ದಿನ ಹಾಜರಿ ಕರೆಯುವಾಗ ತಮ್ಮ ಹೆಸರಿನ ಜಾಗದಲ್ಲಿ ತಾವೇ ‘ತಗಡಪ್ಪ, ಹಾಜರ್’ ಎಂದು ಕೂಗಿಕೊಂಡು ನಮ್ಮೆಲ್ಲರ ತಲೆ ತಗ್ಗಿಸಿದ್ದರು.

ಅವರ ಉಪಕಾರಗಳು ದೊಡ್ಡ ಸದ್ದಿನವಲ್ಲ. ಬೇಸಿಗೆಯ ಮಧ್ಯಾಹ್ನ ಸ್ಪ್ಯಾನರ್ ಮುಟ್ಟಿದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸಲಕರಣೆಗಳನ್ನೆಲ್ಲ ನೆರಳಿಗೆ ಸರಿಸಿ ಒದ್ದೆ ಗೋಣಿಚೀಲ ಹೊದಿಸಿಡುತ್ತಿದ್ದವರು ಅವರು. ರೆಕ್ಕೆಯ ಮೇಲಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ ವೆಲ್ಡರನ್ನು ನಾಲ್ಕು ತಿಂಗಳು ಕೂತು ಮಾಡುವ ಕೆಲಸದಲ್ಲೇ ಉಳಿಸಿಕೊಂಡರು. ಮೇಲಿನವರು ಕೇಳಿದಾಗ ‘ಕೂತು ಮಾಡುವ ಕೆಲಸಕ್ಕೆ ನನ್ನಲ್ಲಿ ಬೇರೆ ಜನವಿಲ್ಲ’ ಎಂದುಬಿಟ್ಟರು. ನಾನು ಬಲ್ಲಂತೆ ಆ ನಾಲ್ಕು ತಿಂಗಳು ಅಲ್ಲಿ ಅಂಥ ಕೆಲಸವೇ ಇರಲಿಲ್ಲ.

ಇನ್ನು ಆ ದಿನ. ನಾನು ಸೇರಿ ಹತ್ತು ತಿಂಗಳಾಗಿತ್ತು, ಕೆಲಸ ಖಾಯಂ ಆಗಿರಲಿಲ್ಲ, ಹೆಂಡತಿ ತುಂಬು ಗರ್ಭಿಣಿ. ಅರವತ್ತೊಂದನೆಯ ವಿಮಾನಕ್ಕೆ ಗುರುತು ಹಾಕಿ ಬರಬೇಕೆಂದು ಆದೇಶವಾಯಿತು. ಮೂವತ್ತೆಂಟನೆಯದನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಉರಿಯುವ ಎಂಜಿನ್ನಿನೊಡನೆ ಅದನ್ನು ಇಳಿಸಿ ಐದು ಜನರನ್ನು ಉಳಿಸಿದ್ದ ಪೈಲಟ್ಟರು ಇನ್ನೂ ಬದುಕಿದ್ದರು. ವಿಮಾನ ವಸ್ತುಸಂಗ್ರಹಾಲಯಕ್ಕೆ ಹೋಗುವ ಮುನ್ನ ಅದನ್ನೊಮ್ಮೆ ನೋಡಲು ಬರುವವರಿದ್ದರು. ನಾನು ಸಾಲಿನ ಕೊನೆಯವರೆಗೆ ನಡೆದೆ. ಒಂದು ಬಾಲದ ಮೇಲೆ ಅರವತ್ತೊಂದು ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಚಕ್ರದ ಗೂಡಿನ ಹತ್ತಿರ ಬಗ್ಗಿದೆ; ಒಳಗೆ ಕಣಜದ ಹುಳುಗಳ ದೊಡ್ಡ ಗೂಡು. ಎರಡು ಹೆಜ್ಜೆ ಹಿಂದೆ ಸರಿದು, ಬಾಲವನ್ನೇ ಇನ್ನೊಮ್ಮೆ ನೋಡಿ, ಕೆಂಪು ಬಣ್ಣ ಬಳಿದು ಬಂದೆ.

ಮೇಸ್ತ್ರಿಗಳಿಗೆ ಆ ದಿನ ವಿಪರೀತ ಜ್ವರ. ಮನೆಯಲ್ಲಿ ಬೇಡವೆಂದರೂ ಬಂದಿದ್ದರು. ಷೆಡ್ಡಿನ ಬೆಂಚಿನ ಮೇಲೆ ಕೂತೇ ಕೇಳಿದರು.

“ತಗಡು ನೋಡಿದ್ಯೇನಯ್ಯ?”

“ನೋಡ್ದೆ ಸಾರ್.”

“ಅರವತ್ತೊಂದೇನಾ?”

“ಅರವತ್ತೊಂದೇ ಸಾರ್.”

ಅವರು ಎದ್ದು ನಿಂತರು, ತಲೆ ಸುತ್ತಿ ಮತ್ತೆ ಕೂತರು, ನನ್ನ ಮುಖ ನೋಡಿ ಸಹಿ ಮಾಡಿದರು. ಮೂವತ್ತಾರು ವರ್ಷದಲ್ಲಿ ತಾವು ನುಗ್ಗಿ ನೋಡದೆ ಅವರು ಹಾಕಿದ ಸಹಿ ಅದೊಂದೇ.

ಅಲಗಿನ ಐದೂ ಏಟುಗಳು ಮುಗಿದ ಮೇಲೆ ಮೂತಿಯ ತುಂಡು ಒಂದು ಮಗ್ಗುಲಿಗೆ ಉರುಳಿ ಚಕ್ರದ ಗೂಡು ಬಯಲಾಯಿತು. ದೂಳಿಗೆ ಕಣಜಗಳು ಚದುರಿದ್ದವು. ಮೇಸ್ತ್ರಿಗಳು ಹತ್ತಿರ ಹೋಗಿ ಬಗ್ಗಿ, ತಗಡನ್ನು ಹೆಬ್ಬೆರಳಿನಿಂದ ಒರೆಸಿ ಓದಿದರು. ಮೂವತ್ತೆಂಟು. ಅದು ಹಾರುತ್ತಿದ್ದ ಕಾಲದಲ್ಲಿ ಬಾಲ ಬಿರುಕುಬಿಟ್ಟು, ಅರವತ್ತೊಂದರ ಬಾಲವನ್ನು ಜೋಡಿಸಿ, ಮೇಲೆ ಬಣ್ಣ ಬಳಿದು ಮೂವತ್ತೆಂಟು ಎಂದು ಬರೆದಿದ್ದರು. ಎಷ್ಟೋ ವರ್ಷದ ಬಿಸಿಲಿಗೆ ಮೇಲಿನ ಬಣ್ಣ ಉದುರಿ ಅಡಿಯ ಸಂಖ್ಯೆ ಎದ್ದು ಬಂದಿತ್ತು. ನಿಜವಾದ ಅರವತ್ತೊಂದು ಬಯಲಿನ ಆಚೆ ಮೂಲೆಯಲ್ಲಿ ಬಾಲವಿಲ್ಲದೆ ನಿಂತಿತ್ತು. ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ಒಳಗೆ ನುಗ್ಗಿದ್ಯಾ?”

“ಇಲ್ಲ ಸಾರ್.”

“ಹೆಂಡತಿಗೆ ಎಷ್ಟು ತಿಂಗಳು?”

“ಒಂಬತ್ತು.”

ಅವರು ಹೆಬ್ಬೆರಳಿನ ದೂಳನ್ನು ಅಂಗಿಗೆ ಒರೆಸಿಕೊಂಡರು. “ಸರಿ. ನಂಗೆ ಹೇಳಿದ್ದಾಯ್ತಲ್ಲ, ಇನ್ಯಾರಿಗೂ ಹೇಳ್ಬೇಡ” ಎಂದು ಹೇಳಿ ಷೆಡ್ಡಿನ ಕಡೆ ನಡೆದರು.

ವಿಚಾರಣೆಯಲ್ಲಿ ಅವರು, ತಗಡನ್ನು ಓದಿದ್ದು ತಾವೇ, ಜ್ವರದಲ್ಲಿ ಕಣ್ಣು ಮಂಜಾಗಿತ್ತು ಎಂದು ಬರೆದುಕೊಟ್ಟರು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಎಂಟು ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಿ ನಿಜ ಹೇಳಲು ನನಗೆ ಎರಡು ಗಂಟೆ ಕಾಲಾವಕಾಶವಿತ್ತು, ನಾನು ಏಳಲಿಲ್ಲ. ಹೇಡಿತನಕ್ಕೆ ಬೇರೆ ಹೆಸರಿಟ್ಟು ಬರೆಯುವ ವಯಸ್ಸು ನನಗೆ ದಾಟಿದೆ.

ಆ ಮೂರು ತಿಂಗಳು ಮೂವತ್ತೆಂಟರ ತುಂಡುಗಳ ಪಕ್ಕದಲ್ಲೇ ನಾವು ಕೆಲಸಕ್ಕೆ ಹೋಗಬೇಕಾಗಿತ್ತು. ಹಾದು ಹೋಗುವವರು ಅವುಗಳನ್ನು ನೋಡುತ್ತಿದ್ದರು, ಆಮೇಲೆ ಮೇಸ್ತ್ರಿಗಳನ್ನು ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಆ ನಡುವೆಯೇ ಪೈಲಟ್ಟರು ಊರುಗೋಲು ಹಿಡಿದು ಬಂದರು. ಬರಬೇಡಿರೆಂದು ಕಚೇರಿಯಿಂದ ಹೋದ ಕಾಗದ ಅವರಿಗೆ ಮುಟ್ಟಿರಲಿಲ್ಲ. ಮೇಸ್ತ್ರಿಗಳು ಅವರನ್ನು ನೇರವಾಗಿ ತುಂಡುಗಳ ಬಳಿಗೇ ಕರೆದೊಯ್ದು, “ನಿಮ್ಮದು ಇದೇ ಸಾರ್. ನಮ್ಮಿಂದ ತಪ್ಪಾಯ್ತು” ಎಂದರು.

ಪೈಲಟ್ಟರು ಊರುಗೋಲಿನಿಂದ ರೆಕ್ಕೆಯ ತುಂಡನ್ನು ಮೆಲ್ಲಗೆ ತಟ್ಟಿದರು. “ಎಡಗಡೆ ಎಂಜಿನ್ ಸದಾ ಎಣ್ಣೆ ಸೋರ್ತಿತ್ತು. ಅದಾದ್ರೂ ನಿಂತಿತ್ತಾ?” ಎಂದು ಕೇಳಿದರು.

“ಇಲ್ಲ ಸಾರ್, ಇಲ್ಲಿ ಎಣ್ಣೆ ಬಸಿಯೋ ದಿನದವರೆಗೂ ಸೋರ್ತಾನೇ ಇತ್ತು.”

“ಹನ್ನೊಂದು ವರ್ಷ ಇದರಲ್ಲಿ ಬಾಂಬು ಹೊತ್ಕೊಂಡು ಸುತ್ತಿದೀನಿ. ಒಂದನ್ನೂ ಹಾಕೋ ಹಾಗಾಗ್ಲಿಲ್ಲ, ದೇವರು ದೊಡ್ಡವನು. ಬಿಡಿ, ಅದಕ್ಕೂ ಸಾಕಾಗಿತ್ತು, ನಂಗೂ ಸಾಕಾಗಿದೆ” ಎಂದು ಹೇಳಿ, ಕೂರಲು ಒಂದು ಸ್ಟೂಲು ಕೇಳಿದರು. ಸ್ಟೂಲು ತಂದುಕೊಟ್ಟವನು ನಾನು. ಅವರು ನನಗೆ ಧನ್ಯವಾದ ಹೇಳಿದರು. ಆ ಧನ್ಯವಾದವನ್ನು ಎಲ್ಲಿಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲಿನ ವರ್ಷಗಳನ್ನು ಬೇಗ ಹೇಳಬಹುದು. ನನ್ನ ಕೆಲಸ ಖಾಯಂ ಆಯಿತು. ಮಗಳು ಹುಟ್ಟಿ, ಬೆಳೆದು, ಕಾಲೇಜು ಮುಗಿಸಿದಳು. ಬಡ್ತಿಯ ಪಟ್ಟಿ ಮೂರು ಸಲ ಬಂತು. ಮೂರು ಸಲವೂ ಮೇಸ್ತ್ರಿಗಳ ಹೆಸರನ್ನು ದಾಟಿ ಮುಂದೆ ಹೋಯಿತು, ಮೂರನೆಯ ಸಲ ನನ್ನ ಹೆಸರಿನ ಬಳಿ ನಿಂತಿತು. ಆ ದಿನ ಅವರು ನನ್ನ ಕೋಣೆಗೆ ಬಂದು, ಕುರ್ಚಿ ಅಲುಗಾಡುವುದನ್ನು ಕಂಡು, ಕಾಲಿನ ಕೆಳಗೆ ರಬ್ಬರಿನ ಚೂರೊಂದನ್ನು ಸಿಕ್ಕಿಸಿ ಹೋದರು. ಒಮ್ಮೆಯಾದರೂ ಬೈದುಬಿಡಲಿ ಎಂದು ನಾನು ಇಷ್ಟು ವರ್ಷ ಕಾದೆ. ಬೈಯಲಿಲ್ಲ. ಬೈಯದವರ ಕೈಕೆಳಗೆ ದುಡಿಯುವುದು, ಆಮೇಲೆ ಅವರಿಗೇ ಮೇಲಧಿಕಾರಿಯಾಗುವುದು ಎಷ್ಟು ಸುಸ್ತಿನ ಕೆಲಸವೆಂಬುದನ್ನು ಅನುಭವಿಸಿದವನೇ ಬಲ್ಲ.

ಕಳೆದ ವರ್ಷ ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಆ ಸಾಲನ್ನು ನನ್ನ ಸೇವಾ ಪುಸ್ತಕಕ್ಕೆ ವರ್ಗಾಯಿಸಬೇಕೆಂದು ಕೇಂದ್ರ ಕಚೇರಿಗೆ ಕಳಿಸಿದೆ. ಐದು ತಿಂಗಳ ನಂತರ ಉತ್ತರ ಬಂತು: ಮುಕ್ತಾಯಗೊಂಡ ಕಡತವನ್ನು ತೆರೆಯಲು ನಿಯಮಗಳಲ್ಲಿ ಅವಕಾಶವಿಲ್ಲ. ಹೀಗಾಗಿ ಈ ಗ್ರಂಥವೊಂದೇ ನನಗೆ ಉಳಿದ ಜಾಗ.

ಹೋದ ಭಾನುವಾರ ಬೆಳಿಗ್ಗೆ ಈ ಲೇಖನದ ಕರಡು ಹಿಡಿದು ಅವರ ಮನೆಗೆ ಹೋದೆ. ಎರಡು ಕೋಣೆಗಳ ಮನೆ, ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಅವರ ಕನ್ನಡಕ. ಅಕ್ಕನವರು, ಅಂದರೆ ಅವರ ಶ್ರೀಮತಿಯವರು, ಒಗೆದ ಬಟ್ಟೆ ಮಡಿಸುತ್ತಿದ್ದರು. ಮೇಸ್ತ್ರಿಗಳು ಎರಡು ಪುಟ ಓದಿ ಕಾಗದಗಳನ್ನು ಮಗುಚಿ ಇಟ್ಟರು.

“ಹರಿದು ಹಾಕು. ನಿಂಗಿನ್ನೂ ಆರು ವರ್ಷ ಸರ್ವೀಸಿದೆ.”

“ಇರಲಿ ಸಾರ್.”

“ನಂಗೇನೋ ಮುಗೀತಲ್ಲ. ಮುಗಿದದ್ದನ್ನ ಯಾಕೆ ಕೆದಕ್ತೀಯ?”

“ಏನ್ರೀ ಅದು?” ಎಂದರು ಅಕ್ಕನವರು. ಆಕೆಯೇ ಬಂದು, ಕಾಗದಗಳನ್ನು ಎತ್ತಿಕೊಂಡು, ಕನ್ನಡಕ ಏರಿಸಿ, ನಿಂತುಕೊಂಡೇ ಕಡೆಯವರೆಗೆ ಓದಿದರು. ಆಗ ನನಗೆ ಹೊಳೆಯಿತು, ಈ ಮಹಾನುಭಾವರು ಹೆಂಡತಿಗೂ ನಿಜ ಹೇಳಿರಲಿಲ್ಲ. ಅಂದು ಜ್ವರದಲ್ಲಿ ಹೋಗಬೇಡಿರೆಂದು ಬಾಗಿಲಿಗೆ ಅಡ್ಡ ನಿಂತಿದ್ದವರು ಆಕೆ. ಮಾತು ಕೇಳದೆ ಹೋಗಿ, ಕಣ್ಣು ಕಾಣದೆ, ಬರಬೇಕಾದ ಬಡ್ತಿಯನ್ನು ಕಳೆದುಕೊಂಡಿರೆಂದು ಇಪ್ಪತ್ತೊಂದು ವರ್ಷ ಅವರನ್ನು ಹಂಗಿಸಿದವರೂ ಆಕೆಯೇ. ಅವರು ಅಷ್ಟನ್ನೂ ಅನ್ನದ ಜೊತೆಗೆ ಉಂಡಿದ್ದರು.

ಅಕ್ಕನವರು ಗಂಡನ ಕಡೆ ತಿರುಗಲಿಲ್ಲ. ಕಾಗದಗಳನ್ನು ಸರಿಯಾಗಿ ಜೋಡಿಸಿ ನನ್ನ ಕೈಗಿಟ್ಟರು.

“ಇಷ್ಟು ವರ್ಷ ನಾನು ಬೈದಿದ್ದೆಲ್ಲ ನಿಂದು ಕಣಪ್ಪ. ತಗೊಂಡು ಹೋಗು” ಎಂದರು. ಆಮೇಲೆ ಮಡಿಸಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದರು.

ಇಂಥ ಲೇಖನಗಳು ಶುಭಕಾಮನೆಯಿಂದ ಮುಗಿಯಬೇಕು. ಯಾವ ವಿಮಾನದ ಯಾವ ಅಂಗ ಯಾವುದಕ್ಕೆ ಹೋಯಿತೆಂಬ ವಿವರ ಮೇಸ್ತ್ರಿಗಳ ತಲೆಯಲ್ಲಿ ಮಾತ್ರ ಇದೆ. ಅದನ್ನು ಬರೆದುಕೊಡಲು ಅವರು ಒಪ್ಪಿರುವುದು ನಮ್ಮ ಪುಣ್ಯ. ಆ ಕೆಲಸ ಮುಗಿಯುವವರೆಗೂ, ಮುಗಿದ ಮೇಲೂ, ಅವರ ಕಣ್ಣು ಮಂಡಿಗಳು ಗಟ್ಟಿಯಾಗಿರಲಿ. ಅವರೂ ಅಕ್ಕನವರೂ ನೂರ್ಕಾಲ ಬಾಳಲಿ. ಇನ್ನು ಮುಂದೆ ಆ ಮನೆಯಲ್ಲಿ ಜ್ವರದ ಮಾತು ಬಂದಾಗಲೆಲ್ಲ ನನ್ನ ಹೆಸರು ಹಿಡಿದೇ ಬೈಯಲಿ ಎಂದು ಅಕ್ಕನವರಲ್ಲಿ ಪ್ರಾರ್ಥಿಸುತ್ತೇನೆ.