ಕೆರೆಯ ದಂಡೆಯ ಮೂರು ದಿನ

ಹೋದ ವಾರ ಧಾರವಾಡದ ಮಾರ್ಕೆಟ್ಟಿನಲ್ಲಿ ದನದ ಮೇವು ಮಾರುವ ಅಂಗಡಿಯ ಮುಂದೆ ಯಾರೋ ಶೇಂಗಾ ಹಿಂಡಿಯ ಹೊಸ ಚೀಲ ಬಿಚ್ಚಿದರು. ಆ ಹುರಿದಂಥ, ಸ್ವಲ್ಪ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೊತ್ತಂಬರಿಯ ಚೌಕಾಸಿ ಬಿಟ್ಟು ಅಲ್ಲೇ ನಿಂತೆ. ಅಂಗಡಿಯವನು "ಎಷ್ಟ ಕೊಡ್ಲಿರಿ ಬಾಯಾರ?" ಎಂದ. ನನ್ನ ಮನೆಯಲ್ಲಿ ಎಮ್ಮೆಯೂ ಇಲ್ಲ, ಆಕಳೂ ಇಲ್ಲ. ಏನೂ ಬೇಡವೆಂದು ಮುಂದೆ ನಡೆದೆ. ವಾಸನೆ ಮಾತ್ರ ಮನೆಯವರೆಗೆ ಹಿಂದೆಯೇ ಬಂತು.

ಅದು ನಮ್ಮ ಅಟೆಂಡರ್ ಕಾಕಾ ಅವರ ಕೈಯ ವಾಸನೆ. ಮೂವತ್ತು ವರ್ಷಗಳ ಹಿಂದೆ ನಾನು ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವರು ನಮ್ಮ ಪ್ರಯೋಗಾಲಯದಲ್ಲಿದ್ದರು. ಬಾಟಲಿ ತೊಳೆಯುವುದು, ಜಿರಲೆ ಕಪ್ಪೆ ಒದಗಿಸುವುದು, ಪರೀಕ್ಷೆಯ ದಿನ ಹುಡುಗಿಯರು ಹೆದರಿದರೆ ಧೈರ್ಯ ಹೇಳುವುದು ಎಲ್ಲ ಅವರದೇ. ಭಾನುವಾರ ಬಂತೆಂದರೆ ಊರ ಹೊರಗಿನ ಕೆರೆಗೆ ಗಾಳ ಹಿಡಿದು ಹೋಗುತ್ತಿದ್ದರು. ಕಟ್ಲಾ ಮೀನಿಗೆ ಶೇಂಗಾ ಹಿಂಡಿ ಅಂದರೆ ಪ್ರಾಣ ಎಂದು ಅದನ್ನು ನಾದಿ ಉಂಡೆ ಕಟ್ಟುತ್ತಿದ್ದರು. ಸೋಮವಾರ ಫಾರ್ಮಾಲಿನ್ ವಾಸನೆಯನ್ನೂ ಮೀರಿ ಹಿಂಡಿಯ ವಾಸನೆ ಬರುತ್ತಿತ್ತು.

ನಮ್ಮದು ಹತ್ತಿ ವ್ಯಾಪಾರದ ಮನೆತನ. ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಅಜ್ಜಿ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಅಂಥ ಮನೆಯ ಹುಡುಗಿ ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಮೀನಿನ ಹೊಟ್ಟೆ ಕೊಯ್ಯುತ್ತಿದ್ದಾಳೆ ಎಂಬುದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ, ಅಷ್ಟೇ. ನಿಜ ಹೇಳಬೇಕೆಂದರೆ ನಾನೂ ಅಲ್ಲಿಯವರೆಗೆ ಬಾಟಲಿಯ ಮೀನನ್ನಷ್ಟೇ ಕಂಡವಳು.

"ಬಾಟ್ಲ್ಯಾಗಿನ ಮೀನ ನೋಡಿ ಏನ ತಿಳೀತೈತ್ರಿ ಅಕ್ಕಾರ? ಒಮ್ಮೆ ಕೆರಿಗೆ ಬರ್ರಿ," ಎಂದು ಕರೆದವರು ಕಾಕಾ. ನನ್ನ ಹಳೆಯ ಲೂನಾ ಏರಿ ಹೋದೆ. ಯುಗಾದಿ ಮುಗಿದು, ಮೊದಲ ಅಡ್ಡಮಳೆ ಬಿದ್ದು, ಕೆರೆಯ ಅಂಚಿನ ಜೊಂಡು ಹಸಿರಾಗಿತ್ತು. ಅವರು ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಕಡೆ ಬೆರಳು ತೋರಿಸಿದರು. ನೀರಿನ ಮೇಲೆ ಯಾರೋ ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು ಗುಂಪು ಮಿಸುಕುತ್ತಿತ್ತು. ಕೊರವ ಮೀನಿನ ಮರಿಗಳು. ಅವುಗಳ ಕೆಳಗೆ ಹಾವಿನ ತಲೆಯಂಥ ತಲೆಯ ಎರಡು ದೊಡ್ಡ ಮೀನು, ಗಂಡು ಮತ್ತು ಹೆಣ್ಣು, ಸುತ್ತುತ್ತಿದ್ದವು. ಅಷ್ಟು ಹೊತ್ತು ಸುಮ್ಮನೆ ನೋಡಿದ್ದು ನನಗೆ ಅದೇ ಮೊದಲು... ಏನನ್ನೂ ಬರೆದುಕೊಳ್ಳಲಿಲ್ಲ ಕೂಡ.

ನನ್ನ ಪ್ರಬಂಧದ ವಿಷಯವೂ ಅದೇ ಆಗಿತ್ತು, ಮೀನುಗಳು ತಮ್ಮ ಮರಿಗಳನ್ನು ಸಾಕುವ ಬಗೆ. ಕೊನೆಯ ಅಧ್ಯಾಯಕ್ಕೆ ಮರಿ ಕಾಯುತ್ತಿರುವ ಜೋಡಿಯೇ ಬೇಕು, ಅವುಗಳ ಹೊಟ್ಟೆಯಲ್ಲಿ ಏನಿದೆ ನೋಡಬೇಕು, ಅವಿಲ್ಲದಿದ್ದರೆ ಮರಿಗಳು ಎಷ್ಟು ದಿನ ಉಳಿಯುತ್ತವೆ ಗುರುತು ಹಾಕಬೇಕು ಎಂದು ನನ್ನ ಗೈಡ್ ಹೇಳಿದ್ದರು. ಜೂನಿಗೆ ಶಿಷ್ಯವೇತನ ಮುಗಿಯುತ್ತಿತ್ತು. ಅಷ್ಟರೊಳಗೆ ಬರೆದು ಮುಗಿಸದಿದ್ದರೆ ಊರಿಗೆ ಹೋಗಿ ಹತ್ತಿ ಅಂಗಡಿಯ ಮೇಲಿನ ಮನೆಯಲ್ಲಿ ಕೂರಬೇಕು. ಆ ಜೋಡಿಯನ್ನು ಹಿಡಿದುಕೊಡಿ ಎಂದು ಕಾಕಾಗೆ ಕೇಳಿದೆ. ಅವರು ಒಲ್ಲೆನೆಂದು ತಲೆಯಾಡಿಸಿದರು.

"ಮರಿ ಕಾಯೂ ಮೀನಿನ ಮುಂದ ಗಾಳ ಬಿಡಬಾರದ್ರಿ. ಅದು ಹಸದು ಬಾಯಿ ಹಾಕೂದಿಲ್ಲ, ಸಿಟ್ಟಿಲೆ ಹಾಕತೈತಿ. ನಮ್ಮಪ್ಪನೂ ಹಿಡೀಲಿಲ್ಲ, ನಾನೂ ಹಿಡದಿಲ್ಲ."

"ಇದೊಂದು ಆಗಲಿಲ್ಲಂದ್ರ ನನ್ನ ಮೂರು ವರ್ಷ ಮಣ್ಣಗೂಡತಾವ್ರಿ ಕಾಕಾ. ನಿಮ್ಮ ಮಗಳು ಕೇಳಿದ್ರ ಇಲ್ಲ ಅಂತಿದ್ರೇನು?"

ಕಾಕಾ ತಮ್ಮ ಮಗಳಿಗೆ ಯಾವುದಕ್ಕೂ ಇಲ್ಲ ಅಂದವರಲ್ಲ, ಅವಳ ಮಾತು ತೆಗೆಯಬಾರದಿತ್ತು. ಅದು ಆಗಲೂ ನನಗೆ ಗೊತ್ತಿತ್ತು, ಗೊತ್ತಿದ್ದೇ ತೆಗೆದೆ. ಮುಂದಿನ ಭಾನುವಾರ ಬೆಳಗ್ಗೆ ಅವರು ಒಂದು ಸಣ್ಣ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ ಆ ಕೆಂಪು ಗುಂಪಿನ ನಡುವೆ ಬಿಟ್ಟರು. ನೀರು ಒಡೆಯಿತು. ಮೊದಲನೆಯದನ್ನು ದಂಡೆಗೆ ಎಳೆದ ಮೇಲೆ ನನ್ನತ್ತ ತಿರುಗದೆಯೇ "ಎರಡೂ ಬೇಕೇನ್ರಿ?" ಎಂದು ಕೇಳಿದರು. ಹೌದು ಅಂದೆ. ಎರಡನೆಯದು ಕಾಲು ತಾಸಿನೊಳಗೆ ಅದೇ ಜಾಗಕ್ಕೆ ಬಂತು. ಅವೆರಡನ್ನೂ ಡಬ್ಬಿಯಲ್ಲಿ ಹಾಕಿಕೊಂಡು ನಾನು ಲಗುಬಗೆಯಿಂದ ಪ್ರಯೋಗಾಲಯಕ್ಕೆ ಬಂದೆ. ಕೊಯ್ದು ನೋಡಿದರೆ ಎರಡರ ಹೊಟ್ಟೆಯೂ ಖಾಲಿ. ಮರಿ ಕಾಯುವಾಗ ಅವು ಉಪವಾಸವಿದ್ದವು. ನನಗೆ ಸಂತೋಷವಾಯಿತು, ಅಧ್ಯಾಯಕ್ಕೆ ಒಳ್ಳೆಯ ಫಲಿತಾಂಶ.

ಸೋಮವಾರ ಕತ್ತಲಾಗುವ ಹೊತ್ತಿಗೆ ಕೆರೆಗೆ ಹೋದೆ. ಮರಿಗಳು ಜೊಂಡಿನೊಳಗೆ ಸೇರಿಕೊಂಡು ಹಾಗೇ ಇದ್ದವು. ಕಾಕಾ ಅಂದು ಕೆಲಸಕ್ಕೆ ಬಂದಿರಲಿಲ್ಲ, ಮೈಗೆ ಹುಷಾರಿಲ್ಲವೇನೋ ಅಂದುಕೊಂಡೆ. ಮಂಗಳವಾರ ಮಧ್ಯಾಹ್ನವೇ ಹೋದೆ. ದಂಡೆಯ ಮೇಲೆ ಒಂದು ಕೊಡೆ, ಬುತ್ತಿಯ ಗಂಟು. ಮೊಣಕಾಲು ನೀರಿನಲ್ಲಿ ಕಾಕಾ ನಿಂತಿದ್ದರು. ಕೈಯಲ್ಲಿ ಉದ್ದನೆಯ ಬಿದಿರ ಗಳ, ಅದರ ತುದಿಗೆ ಹರಕು ಬಟ್ಟೆ. ಬೆಳ್ಳಕ್ಕಿ ಬಂದರೆ ಅದನ್ನು ಬೀಸುತ್ತಿದ್ದರು, ನೀರುಹಾವು ಕಂಡರೆ ನೀರು ಬಡಿಯುತ್ತಿದ್ದರು. ಬೆಳಕು ಹರಿಯುವ ಮೊದಲು ಬಂದು, ಮರಿಗಳು ಜೊಂಡಿನೊಳಗೆ ಸೇರಿದ ಮೇಲೆ ಮನೆಗೆ ಹೋಗುತ್ತಿದ್ದರಂತೆ.

"ಕಾಕಾ, ಹಿಂಗ ಮಾಡಿದ್ರ ನನ್ನ ಲೆಕ್ಕ ತಪ್ಪತೈತ್ರಿ," ಎಂದೆ.

"ನಿಮ್ಮದು ನೀವು ಬರಕೋರಿ ಅಕ್ಕಾರ. ನಾ ನಿಮಗ ಅಡ್ಡ ಬರಂಗಿಲ್ಲ. ಒಂದು ಎಂಟು ದಿನ ಹ್ವಾದ್ರ ಇವಕ್ಕ ತಾವ ತಿಳೀತೈತಿ."

ನಾನು ಬರೆದುಕೊಂಡೆ. ಮಂಗಳವಾರ, ಮರಿಗಳು ಇವೆ. ಬುಧವಾರ, ಇವೆ. ಬುಧವಾರ ಸಂಜೆ ಗೈಡ್ ನನ್ನನ್ನು ಕರೆದು, ಪ್ರಾಯೋಗಿಕ ಪರೀಕ್ಷೆ ಎದುರಿಗಿದೆ, ಅಟೆಂಡರ್ ಎಲ್ಲಿ ಹಾಳಾಗಿ ಹೋದ ಎಂದು ಕೇಳಿದರು. ಇನ್ನೊಂದು ವಾರ ರಜೆ ಕೊಡಿರಿ ಎಂದು ಹೇಳಬಹುದಿತ್ತು. ನಾನು ಹೇಳಿದ್ದು ಅವರು ಕೆರೆಯ ಹತ್ತಿರ ಇದ್ದಾರೆ ಎಂದಷ್ಟೇ. ಮರಿಗಳು ಎಂಟು ದಿನ ಉಳಿಯುವುದನ್ನು ಕಾಯಲು ನನಗೆ ಪುರಸೊತ್ತೂ ಇರಲಿಲ್ಲ. ಗುರುವಾರ ಹತ್ತಕ್ಕೆ ಕಾಕಾ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುತ್ತಿದ್ದರು. ಅಂದು ಸಂಜೆ ನಾನು ಹೋದಾಗ ಜೊಂಡಿನ ಮುಂದೆ ನೀರಷ್ಟೇ ಇತ್ತು.

ಮರುದಿನ ಅವರು ಕೇಳಿದರು, ನಾನು ಹೇಳಿದೆ. "ಹೌದೇನ್ರಿ," ಎಂದು ಕೈಯಲ್ಲಿದ್ದ ಬಾಟಲಿಯನ್ನು ಇನ್ನೊಮ್ಮೆ ತೊಳೆದರು.

ಜೋಡಿಯನ್ನು ತೆಗೆದ ಮೇಲೂ ಮರಿಗಳು ಮೂರು ದಿನ ಉಳಿದವು ಎಂದು ನನ್ನ ಪ್ರಬಂಧದಲ್ಲಿದೆ. ಬಿದಿರ ಗಳದ ಮಾತು ಇಲ್ಲ. ಪರೀಕ್ಷಕರು ಆ ಅಧ್ಯಾಯವನ್ನೇ ಎತ್ತಿ ಹೊಗಳಿದರು. ಅದರಿಂದ ಪದವಿ ಬಂತು, ಪದವಿಯಿಂದ ನೌಕರಿ, ಹತ್ತಿ ಅಂಗಡಿಯ ಮೇಲಿನ ಮನೆ ತಪ್ಪಿತು. ಕಾಕಾ ಮತ್ತೆ ಗಾಳ ಹಿಡಿಯಲಿಲ್ಲ. ಮರುವರ್ಷ ಕೇಳಿದಾಗ "ನೀರಾಗ ಕಣ್ಣ ನಿಂದರಂಗಿಲ್ರಿ," ಎಂದರು. ಆ ದಿನವೇ ಅವರು ಸೊಳ್ಳೆಯ ರೆಕ್ಕೆಯನ್ನು ಚಿಮಟಿಗೆಯಿಂದ ಎತ್ತಿ ಗಾಜಿನ ಮೇಲೆ ಕೂರಿಸಿದ್ದನ್ನು ನಾನು ನೋಡಿದ್ದೆ. ಅವರು ನಿವೃತ್ತರಾದರು. ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ಸುದ್ದಿ ಬಂದ ದಿನ ನಾನು ಧಾರವಾಡದಲ್ಲೇ ಇದ್ದೆ... ಹೋಗಲಿಲ್ಲ. ಹೋಗಲು ನಾಚಿಕೆಯಾಯಿತು.

ಹಿಂಡಿಯ ವಾಸನೆ ಬಂದ ಮೂರನೆಯ ದಿನ ಒಬ್ಬ ಸಂಶೋಧಕಿ ಮನೆಗೆ ಬಂದಳು. ಅವಳದೂ ಅದೇ ವಿಷಯ. ಚಹಾ ಕುಡಿದು ಸಂಕೋಚದಿಂದಲೇ ಕೇಳಿದಳು. "ಮೇಡಂ, ನಾವು ಮೂರು ಕೆರ್ಯಾಗ ನೋಡೀವ್ರಿ. ಜೋಡಿ ಹ್ವಾದ ಮ್ಯಾಲ ಮಧ್ಯಾಹ್ನದೊಳಗ ಮರಿ ಎಲ್ಲಾ ಖಾಲಿ. ನಿಮಗ ಹೆಂಗ ಮೂರು ದಿನ ಉಳದ್ವು?"

ನೀರಿನ ಉಷ್ಣಾಂಶ, ಜೊಂಡು ಎಂದು ಏನೇನೋ ಹೇಳಿದೆ. ಅವಳು ಅದನ್ನೂ ಭಕ್ತಿಯಿಂದ ಬರೆದುಕೊಂಡಳು. ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದವಳನ್ನು ಮತ್ತೆ ಕರೆದೆ.

"ಅದನ್ನ ಹೊಡದು ಹಾಕವ್ವಾ. ಅಲ್ಲಿ ಒಬ್ಬರು ನಿಂತು ಕಾಯ್ತಿದ್ರು."

"ಯಾರ್ರಿ?"

ಹೆಸರು ಹೇಳಿದೆ, ಪೂರ್ತಿ ಹೆಸರು. ಸರಿಯಾಗಿ ಕೇಳಿಸಲಿಲ್ಲವೆಂದು ಅವಳು ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿದೆ. ಗೇಟಿನ ಕಂಬದ ಮೇಲೆ ವಹಿ ಇಟ್ಟು ಅವಳು ಬರೆದುಕೊಳ್ಳುವಾಗ, ಇದನ್ನು ಎರಡು ವರ್ಷಕ್ಕೂ ಮೊದಲೇ ಮಾಡಿದ್ದರೆ ಕಾಕಾಗೂ ತೋರಿಸಬಹುದಿತ್ತಲ್ಲ ಎಂದುಕೊಂಡೆ.